ಸನ್ಮಾನದ ಊರುಗೋಲು

ಬನ್ನೂರಿನ ದೊಡ್ಡಮಾದಯ್ಯನವರಿಗೆ ಎಪ್ಪತ್ತೈದು ದಾಟಿದೆ. ಸುತ್ತಲಿನ ಮದುವೆ, ತಿಥಿ, ನಾಮಕರಣಗಳಿಗೆ ಶಾಮಿಯಾನ ಕಟ್ಟುತ್ತಲೇ ಬಾಳಿದ ಜೀವ. ಅವರ ನೆರಳಲ್ಲಿ ಮದುವೆಯಾದವರು ಈಗ ಮೊಮ್ಮಕ್ಕಳ ಮದುವೆಗೂ ಅವರನ್ನೇ ಕರೆಯುತ್ತಾರೆ. ಕರೆದು, "ಈ ವಯಸ್ಸಲ್ಲೂ ಏಣಿ ಅತ್ತೀರಾ?" ಎಂದು ಮರುಗುತ್ತಾರೆ. ಏಣಿ ಹಿಡಿದುಕೊಳ್ಳಲು ಮಾತ್ರ ಯಾರೂ ಬರುವುದಿಲ್ಲ.

ಶಾಮಿಯಾನದ ಅಂಗಡಿ ನೋಡಿಕೊಳ್ಳುವ ಮಗ ಕೃಷ್ಣನಿಗೆ ಇದು ಮರ್ಯಾದೆಯ ಪ್ರಶ್ನೆ.

"ಅಪ್ಪನ್ನ ಏಣಿ ಮೇಲೆ ಅತ್ಸಿ ಮಗ ಗಲ್ಲಾಪೆಟ್ಟಿಗೆ ಮುಂದೆ ಕೂತವ್ನೆ ಅಂತ ಜನ ಆಡ್ಕತಾರೆ ಕಣಪ್ಪ."

"ಅಂಗಾದ್ರೆ ನೀನು ಏಣಿ ಅತ್ಲಾ. ನಾನು ಗಲ್ಲಾಪೆಟ್ಟಿಗೆ ಮುಂದೆ ಕೂತ್ಕತೀನಿ."

ಕೃಷ್ಣನಿಗೆ ಏಣಿಯೆಂದರೆ ಭಯ. ಆದರೂ ಹಟ ಬಿಡಲಿಲ್ಲ. ಹಿರಿಯರ ವೇದಿಕೆಯ ಅಧ್ಯಕ್ಷ ರವಿಚಂದ್ರರನ್ನು ಕಂಡು ಒಂದು ಸನ್ಮಾನ ಏರ್ಪಡಿಸಿದ. ಶಾಲು, ಪೇಟ, ಒಂದು ಊರುಗೋಲು. ಕೊನೆಗೆ, ಇನ್ನು ಏಣಿ ಹತ್ತುವುದಿಲ್ಲವೆಂದು ಸಭೆಯ ಮುಂದೆ ಅಪ್ಪನಿಂದ ಒಂದು ಮಾತು. ನಾಲ್ಕು ಜನರೆದುರು ಕೊಟ್ಟ ಮಾತಿಗೆ ದೊಡ್ಡಮಾದಯ್ಯ ತಪ್ಪಿದವರಲ್ಲ. ಅದನ್ನು ಮಗ ಬಲ್ಲ. ಮಗ ಬಲ್ಲನೆಂಬುದನ್ನು ಅಪ್ಪನೂ ಬಲ್ಲರು.

ಸಮಾರಂಭಕ್ಕೆ ಶಾಮಿಯಾನ ಕಟ್ಟುವವರು ಯಾರೆಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಲಗ್ನಗಳ ಕಾಲ, ಆಳುಗಳೆಲ್ಲ ಕಳಲೆ ಊರಿನ ಮದುವೆಯೊಂದಕ್ಕೆ ಶಾಮಿಯಾನ ಕಟ್ಟಲು ಹೋಗಿದ್ದರು. ಹಾಗಾಗಿ ಸನ್ಮಾನಿತರೇ ಬೆಳಿಗ್ಗೆ ಬಂದು, ಏಣಿ ಹತ್ತಿ, ತಮ್ಮ ಸನ್ಮಾನಕ್ಕೆ ತಾವೇ ಶಾಮಿಯಾನ ಕಟ್ಟಿದರು. ಮನೆಗೆ ಹೋಗಿ ಮಿಂದು, ಬಿಳಿ ಪಂಚೆಯುಟ್ಟು, ಹಿಂದಿರುಗಿ ವೇದಿಕೆಯ ಮೇಲೆ ಕುಳಿತರು.

ಅವರಿಗಿಂತ ಹತ್ತು ವರ್ಷ ಚಿಕ್ಕವರಾದ ಅಧ್ಯಕ್ಷರನ್ನು ಇಬ್ಬರು ರಟ್ಟೆ ಹಿಡಿದು ವೇದಿಕೆ ಹತ್ತಿಸಿದರು. ದೊಡ್ಡಮಾದಯ್ಯನವರಿಗೆ ಹಾರ ಹಾಕಿ, ಶಾಲು ಹೊದಿಸಿ, ಪೇಟ ತೊಡಿಸಿ, ಊರುಗೋಲು ಕೈಗಿತ್ತು, ಅಧ್ಯಕ್ಷರು ಮೈಕಿನ ಮುಂದೆ ನಿಂತರು.

"ಮುಪ್ಪಿನಲ್ಲಿ ದೃಷ್ಟಿ ಮಂದವಾಗುತ್ತದೆ. ಎಚ್ಚರ ತಪ್ಪುತ್ತದೆ..."

ಅಷ್ಟರಲ್ಲಿ ಮಳೆ ಹಿಡಿಯಿತು. ದೊಡ್ಡಮಾದಯ್ಯ ತಲೆಯೆತ್ತಿ ಮೇಲೆಯೇ ನೋಡತೊಡಗಿದರು.

"ಪಾಪ, ಕಣ್ಣೀರು ತಡ್ಕತಾವ್ರೆ," ಎಂದಳು ಮುಂದಿನ ಸಾಲಿನ ರೋಜಾ.

ಅವರು ನೋಡುತ್ತಿದ್ದುದು ಅಧ್ಯಕ್ಷರ ನೆತ್ತಿಯ ನೇರಕ್ಕೆ, ಮಳೆನೀರು ತುಂಬಿ ಬಸುರಿಯ ಹೊಟ್ಟೆಯಂತೆ ಇಳಿಬೀಳುತ್ತಿದ್ದ ಬಟ್ಟೆಯನ್ನು.

"ಸಾ, ವಸಿ ಇತ್ಲಾಗೆ ಬನ್ನಿ."

"ಬರ್ತೀನಿ ಮಾದಯ್ಯನವರೇ. ಇನ್ನು ಏಣಿ ಹತ್ತೋದಿಲ್ಲ ಅಂತ ಮೊದಲು ಮಾತು ಕೊಡಿ."

"ಇತ್ಲಾಗೆ ಬನ್ನಿ ಅಂದ್ನಲ್ಲ ಸಾ!"

ದೊಡ್ಡಮಾದಯ್ಯ ಕೊರಳ ಹಾರದೊಡನೆ ಕುರ್ಚಿ ಹತ್ತಿ, ಸನ್ಮಾನದ ಊರುಗೋಲಿನಿಂದ ಬಟ್ಟೆಯನ್ನು ಮೇಲಕ್ಕೆ ಎತ್ತಿ ಹೊರಕ್ಕೆ ದಬ್ಬಿದರು. ಕೊಡಗಟ್ಟಲೆ ನೀರು ವೇದಿಕೆಯ ಹಿಂದಕ್ಕೆ ಸುರಿಯಿತು. ಅಧ್ಯಕ್ಷರು ಅಷ್ಟು ಚುರುಕಾಗಿ ಪಕ್ಕಕ್ಕೆ ಹಾರಿದ್ದನ್ನು ಜನ ಅದುವರೆಗೆ ಕಂಡಿರಲಿಲ್ಲ.

ಮಳೆ ನಿಂತಿತು. ಮತ್ತೆ ಮೋಡ ಕವಿಯುವ ಮೊದಲು ಸಡಿಲಾದ ಹಗ್ಗಗಳನ್ನು ಬಿಗಿಯಬೇಕಿತ್ತು. ಅಧ್ಯಕ್ಷರು ಮಾತು ಕೊಡುವ ವಿಷಯವನ್ನು ಮತ್ತೆ ಎತ್ತಲಿಲ್ಲ. ದೊಡ್ಡಮಾದಯ್ಯನವರೇ ಎತ್ತಿದರು.

"ಮಾತು ಕೊಡ್ಲೇನ್ಲಾ ಕೃಷ್ಣ? ಕೊಟ್ರೆ ಅಗ್ಗ ಬಿಗಿಯೋನು ನೀನೇಯ."

ಕೃಷ್ಣ ಏಣಿಯನ್ನು ನೋಡಿದ. ಸಭೆಯನ್ನು ನೋಡಿದ. ಎದ್ದು ಹೋಗಿ ಏಣಿಯನ್ನು ಕಂಬಕ್ಕೆ ಆನಿಸಿ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಿಂತ.

"ನೀನೇ ಅತ್ತಪ್ಪ. ಇನ್ಮೇಲೆ ಏಣಿ ನಾನು ಇಡ್ಕತೀನಿ."

ಹೀಗೆ ಅಂದು ಸಭೆಯ ಮುಂದೆ ಮಾತು ಕೊಟ್ಟವನು ಮಗ. ಊರುಗೋಲು ಈಗ ಅಂಗಡಿಯಲ್ಲಿ ಏಣಿಯ ಪಕ್ಕದಲ್ಲಿದೆ. ಮಳೆಗಾಲದ ಮದುವೆಗಳಿಗೆ ಅದು ತಪ್ಪದೆ ಹೋಗಿಬರುತ್ತದೆ.