ಮೆಣಸಿನಕಾಯಿ ಗಿಡಗಳ ಬುಡದ ದಾರಿ

ಸಿಟ್ಟು ನನಗೆ ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ. ರಾಣೆಬೆನ್ನೂರಿನ ಶಾಲೆಯಲ್ಲಿ ಪಾಠ ಹೇಳುವ ಬಾಯಾರಾದ ಮೇಲೆ ಅದು ಇನ್ನಷ್ಟು ಬಲಿಯಿತು. ಎಂಬತ್ತರ ದಶಕದ ಕೊನೆಯಲ್ಲಿ ನಾವು ಹದಿನೆಂಟು ಮಂದಿ ಐರಣಿಯ ಹೊಳೆದಂಡೆಯಿಂದ ಬ್ಯಾಡಗಿಗೆ ಮೂರು ದಿನದ ನಡಿಗೆ ಹೊರಟಾಗ, ಎಲ್ಲರಿಗಿಂತ ಮುಂದೆ ಬಾಯಿ ಮಾಡುತ್ತ ನಡೆದವಳು ನಾನೇ.

ಮೊದಲು ಹಳ್ಳಿಯಿಂದ ಹಳ್ಳಿಗೆ ಗಾಡಿದಾರಿಗಳಿದ್ದವು. ಬಸ್ಸು, ಲಾರಿ ಬಂದ ಮೇಲೆ ಅವು ಹಾಳುಬಿದ್ದು, ಶಾಲೆಯ ಮಕ್ಕಳೂ ಹೆದ್ದಾರಿಯ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಕೆಲವು ಊರಿನವರು ತಮ್ಮ ಪಾಲಿನ ದಾರಿಯನ್ನು ಒತ್ತುವರಿಯಿಂದ ಬಿಡಿಸಿಕೊಂಡಿದ್ದರು. ಅವನ್ನೆಲ್ಲ ಒಂದಕ್ಕೊಂದು ಕೂಡಿಸಿ, ಮುಂದೆ ಹಾವೇರಿಯವರೆಗೂ ಒಯ್ಯಬೇಕೆಂಬುದು ನಮ್ಮ ಹಟ. ನಡುವೆ ಒಂದು ಕಡೆ ಕಡಿದರೂ ಮತ್ತೆ ಲಾರಿಗಳ ನಡುವೆಯೇ ಹೋಗಬೇಕು. ಆಗ ಜನ ನಗದೆ ಬಿಡುತ್ತಾರೆಯೇ?

ದಾರಿ ತೋರಿಸಲು ಜೊತೆಗೆ ಒಬ್ಬ ಚಾಚಾ ಇದ್ದರು. ಹರೆಯದಲ್ಲಿ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಗಾಡಿ ಹೊಡೆದವರು. ದಾರಿಯೆಲ್ಲ ಅವರ ತಲೆಯಲ್ಲಿತ್ತು.

ನಮ್ಮ ಕಡೆ ಒಂದು ಕೆಟ್ಟ ಚಾಳಿ ಇದೆ. ದಾರಿಯ ಮಗ್ಗುಲಿಗೆ ಹೊಲ ಇದ್ದವರು ವರ್ಷವರ್ಷ ಒಂದೊಂದು ಸಾಲು ದಾರಿಯೊಳಗೆ ಒತ್ತಿ ಹೊಡೆಯುತ್ತಾರೆ. ಒಂದು ವರ್ಷದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಇಪ್ಪತ್ತು ವರ್ಷದಲ್ಲಿ ದಾರಿಯೇ ಇರುವುದಿಲ್ಲ. ಮೊದಲ ದಿನ ಹಾಗೆ ಒತ್ತಿದ ಇಬ್ಬರು ರೈತರನ್ನು ನಾನು ಹಿಗ್ಗಾಮುಗ್ಗಾ ಬೈದೆ. ಪಾಪ, ಅವರಲ್ಲೊಬ್ಬರು ಕೂಡಲೇ ಸಲಿಕೆ ತಂದು ಬದು ಹಿಂದೆ ಸರಿಸಿದರು.

ಎರಡನೆಯ ದಿನ ಹಲಗೇರಿ ದಾಟಿದ ಮೇಲೆ ಚಾಚಾ ಒಂದು ಮೆಣಸಿನಕಾಯಿ ಹೊಲದ ಮುಂದೆ ನಿಂತುಬಿಟ್ಟರು. ಗಿಡದ ತುಂಬ ಕಾಯಿ ಕೆಂಪಗೆ ಹಣ್ಣಾಗಿದ್ದವು. ಅದು ನನ್ನ ತವರಿನ ಹೊಲ.

“ದಾರಿ ಈ ಗಿಡದ ಬುಡಕ ಐತ್ರಿ ಬಾಯಾರ,” ಎಂದರು ಮೆತ್ತಗೆ.

ಎಲ್ಲರೂ ನನ್ನನ್ನೇ ನೋಡಿದರು. ನನ್ನ ಬೈಗುಳದ ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. ಬದುವಿನ ಮೇಲೆ ನಿಂತಿದ್ದ ಅಣ್ಣ ಕೇಳಿದ, “ಮಂದೀಗೆ ಬೈಯೂದು ಸಸಾರ ಐತಿ. ಇಲ್ಲೇನಂತಿ?”

ಜೊತೆಯವರೊಬ್ಬರು ನನ್ನ ಮಾನ ಉಳಿಸಲೆಂದು, ಇದೊಂದು ತುಂಡು ಹೆದ್ದಾರಿಯಲ್ಲೇ ಹೋಗಿಬಿಡೋಣ ಎಂದರು. ಹೂಂ ಅನ್ನಬೇಕೆಂದು ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಚಿಕ್ಕವಳಿದ್ದಾಗ ಅಪ್ಪನ ಕೂರಿಗೆಯ ಹಿಂದೆ ಬೀಜ ಬಿಡುತ್ತ ನಡೆದದ್ದು ನೆನಪಾಯಿತು. ದಾರಿಯೊಳಗೆ ಒತ್ತಿದ ಸಾಲಿನಲ್ಲೂ ಬಿಟ್ಟಿದ್ದೆ. ಚೊಲೊ ಬಿಟ್ಟಿ ಎಂದು ಅಪ್ಪ ಬೆನ್ನು ತಟ್ಟಿದ್ದ.

“ಈ ದಾರಿ ನಾನೂ ತಿಂದೇನಿ ಅಣ್ಣಾ,” ಎಂದೆ, ಹದಿನೇಳು ಮಂದಿಗೂ ಕೇಳುವಂತೆ. “ಇಲ್ಲಿ ಬೀಜ ಬಿಟ್ಟಾಕಿ ನಾನ. ನಿನ್ನ ಕಾಲ ಬೀಳ್ತೇನಿ, ಬಿಟ್ಟಕೊಡು.”

ಅಣ್ಣ ಗುಡಿಸಲಿಗೆ ಹೋಗಿ ಗೋಣಿಚೀಲಗಳನ್ನು ತಂದು ನಮ್ಮ ಮುಂದೆ ಒಗೆದ. ಮೊದಲು ಹಣ್ಣುಗಾಯಿ ಬಿಡಿಸಿರಿ, ಆಮೇಲೆ ದಾರಿ ಎಂದ. ಹದಿನೆಂಟು ಮಂದಿಯೂ ಗಾಡಿಯಗಲದ ಆ ಪಟ್ಟಿಯಲ್ಲಿ ಬಗ್ಗಿದೆವು. ಬೆರಳೆಲ್ಲ ಉರಿ. ನಮ್ಮ ಜೊತೆಗಿದ್ದ ಪೇಟೆಯ ಅಂಗಡಿಕಾರರೊಬ್ಬರು ಆ ಕೈಯಲ್ಲೇ ಕಣ್ಣುಜ್ಜಿಕೊಂಡು ಕುಣಿದಾಡಿದರು. ಕಾಯಿ ಚೀಲಕ್ಕೆ ಬಿದ್ದ ಮೇಲೆ ಅಣ್ಣ ಇನ್ನೂ ಹೂ ಬಿಡುತ್ತಿದ್ದ ಗಿಡಗಳನ್ನು ತಾನೇ ಕಿತ್ತ, ಎತ್ತು ಹೂಡಿ ಕುಂಟೆ ಹೊಡೆದ. ಇನ್ನೊಂದು ಮೊಳ ಆಚೆ ಎಂದು ಚಾಚಾ ಹೇಳಿದಾಗ ಅದನ್ನೂ ಹೊಡೆದ. ನನಗೆ ಅಳು ತಡೆಯಲಾಗಲಿಲ್ಲ. ಅವತ್ತಿನಷ್ಟು ಅಭಿಮಾನ ಅಣ್ಣನ ಮೇಲೆ ನನಗೆ ಎಂದೂ ಬಂದಿರಲಿಲ್ಲ.

ಅರ್ಧ ದಿನ ಅಲ್ಲೇ ಹೋಯಿತು. ಕಾಲು ಸೋತವರ ಗಂಟುಮೂಟೆ ಹೇರಿಕೊಳ್ಳಲು ಅಣ್ಣ ಗಾಡಿಯನ್ನೂ ಕಟ್ಟಿದ. ಹಗ್ಗವನ್ನು ಚಾಚಾನ ಕೈಗೆ ಕೊಟ್ಟು ತಾನು ನಮ್ಮೊಂದಿಗೆ ನಡೆದ. ಬ್ಯಾಡಗಿ ಮುಟ್ಟುವಷ್ಟರಲ್ಲಿ ಸ್ವಾಗತಕ್ಕೆಂದು ಬಂದವರು ಕಾದು ಕಾದು ಮನೆಗೆ ಹೋಗಿದ್ದರು. ಪೇಟೆಯ ಬಾಯಲ್ಲಿದ್ದ ಒಂದಿಬ್ಬರು ಹಮಾಲರಷ್ಟೇ ನಮ್ಮನ್ನು ಕಂಡು, ಯಾವ ದಾರಿಯಿಂದ ಬಂದಿರಿ ಎಂದು ವಿಚಾರಿಸಿದರು.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಎದೆಯುಬ್ಬಿಸಿ ಹೇಳಿದ, “ನಮ್ಮ ಹೊಲದಾಗ ಹಾದು ಬಂದೇವ್ರಿ. ನೀವೂ ಹಂಗ ಬರ್ರಿ.”

ಆ ಪಟ್ಟಿ ಎಂದೂ ನಮ್ಮ ಹೊಲವಾಗಿರಲಿಲ್ಲ, ಅದು ದಾರಿಯೇ ಎಂದು ತಿದ್ದಲು ನಾಲಿಗೆ ತುರಿಸಿತು. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ನಿಂತೆ.