ಅಕ್ಕನ ಬಾಗಿಲು ತಿರುಗಿಸಿದ್ದು

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂದು ಗಾದೆ. ನಾನು ಬಡಗಿ, ಅಕ್ಕನ ಬಾಗಿಲನ್ನು ಬಿಡಲಿಲ್ಲ. ಚೆನ್ನಾಗಿದ್ದ ಬಾಗಿಲನ್ನು ಬಿಚ್ಚಿ, ತಿರುಗಿಸಿ, ಅದಕ್ಕೊಂದು ಹಿಡಿ ಬೇರೆ ಹಾಕಿಕೊಟ್ಟು ಬಂದೆ. ಆ ಹಿಡಿ ನೆನಪಾದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಾರನಹಳ್ಳಿಯಲ್ಲಿ ಹೈವೇ ಬದಿಗೆ ನನ್ನದೊಂದು ಮರಗೆಲಸದ ಶೆಡ್ಡಿದೆ. ಈಚೆಗೆ ಹೊಸ ಬಾಗಿಲು ಮಾಡುವುದಕ್ಕಿಂತ ಹಳೆಯ ಬಾಗಿಲು ತಿರುಗಿಸುವ ಕೆಲಸವೇ ಹೆಚ್ಚು. ಆಲೂರಿನಿಂದ ವನಗೂರಿನ ತನಕ ಆನೆಗಳಿಗೆ ಮನೆಯೊಳಗಿನ ಅಕ್ಕಿ ಉಪ್ಪಿನ ರುಚಿ ಹತ್ತಿದೆ. ಒಳಕ್ಕೆ ತೆರೆಯುವ ಬಾಗಿಲನ್ನು ಆನೆ ಹಣೆಯಿಂದ ಒಮ್ಮೆ ಒತ್ತಿದರೆ ಸಾಕು, ಅಗುಳಿ ಕಿತ್ತು ಬರುತ್ತದೆ. ಅದೇ ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಒತ್ತಿದಷ್ಟೂ ಬಾಗಿಲುವಾಡಕ್ಕೇ ಕಚ್ಚಿಕೊಳ್ಳುತ್ತದೆ. ಈ ಉಪಾಯ ನನ್ನದೇ ಎಂದು ಕಂಡಕಂಡಲ್ಲಿ ಕೊಚ್ಚಿಕೊಳ್ಳುತ್ತಿದ್ದೆ.

ಅಕ್ಕ ಇದ್ದದ್ದು ವನಗೂರು ಕಡೆಯ ಒಂದು ಎಸ್ಟೇಟಿನಲ್ಲಿ. ಕೆಲಸದವರ ಸಾಲುಮನೆಗೆ ನಾವು ಲೈನ್ ಅನ್ನುತ್ತೇವೆ, ಆ ಲೈನಿನ ಕೊನೆಯ ಮನೆ ಅವಳದು. ಭಾವ ಅಲ್ಲೇ ಸ್ಟೋರಿನಲ್ಲಿದ್ದವರು, ಹಿಂದಿನ ವರ್ಷ ಎದೆನೋವು ಬಂದು ಹೋಗಿಬಿಟ್ಟರು. ಮಕ್ಕಳಿಲ್ಲ. ನಮ್ಮ ಮನೆಗೆ ಬಾ ಎಂದರೆ, "ಕೈಕಾಲು ಇನ್ನೂ ಗಟ್ಟಿ ಐತೆ ಕಣೋ, ಬಿದ್ದ್ ಮೇಲೆ ಎತ್ಕೊಂಡು ಹೋಗುವಂತೆ" ಅನ್ನುತ್ತಿದ್ದಳು. ಅಷ್ಟರಲ್ಲಿ ಒಂಟಿ ಸಲಗವೊಂದು ಪಕ್ಕದ ಮನೆಯ ಬಾಗಿಲು ಮುರಿದು ಅಕ್ಕಿ ಮೂಟೆ ಎಳೆದುಕೊಂಡು ಹೋಯಿತು. ಮರುದಿನವೇ ಉಳಿ, ಗರಗಸ ತುಂಬಿಕೊಂಡು ಜೀಪು ಹತ್ತಿದೆ.

ಅಕ್ಕ ಒಪ್ಪಲಿಲ್ಲ. "ಕಕ್ಕಸಿನ ಬಾಗ್ಲು ಕಣೋ ಹೊರಕ್ಕೆ ತೆಗೆಯೋದು. ಮನೆ ಬಾಗ್ಲು ಬಂದೋರ್ನ ಒಳಕ್ಕೆ ಕರೀಬೇಕು. ಹಿಂಗೆ ಎದೆಗೆ ಬಡಿಯೋದಾ?"

"ಬರೋನು ಆನೆ ಕಣೆ, ಬೀಗನಲ್ಲ," ಎಂದು ಗದರಿಸಿದೆ.

ಮೊದಲು ಕಿಟಕಿ ಹಿಡಿದೆ. ಹೊರಕ್ಕೆ ತೆರೆಯುತ್ತಿದ್ದ ಕದಗಳಿಗೆ ಸೊಂಡಿಲು ಹಾಕಿ ಎಳೆದಾವು ಎಂದು ಒಳಕ್ಕೆ ತಿರುಗಿಸಿದೆ. ಆಮೇಲೆ ಬಾಗಿಲು. ಅಕ್ಕನ ಬೆರಳುಗಳಿಗೆ ಸಂಧಿನೋವು, ಹೊರಗಿನಿಂದ ಎಳೆಯಲು ಕಷ್ಟವಾಗದಿರಲಿ ಎಂದು ಹಲಸಿನ ಮರದಲ್ಲಿ ದೊಡ್ಡ ಬಾಗಿದ ಹಿಡಿ ಕೆತ್ತಿ ಕೂರಿಸಿದೆ. ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳಲಿ ಎಂದು ಮೇಲಿನ ಕೀಲನ್ನು ಕೂದಲೆಳೆಯಷ್ಟು ವಾಲಿಸಿದೆ, ಎಣ್ಣೆ ಬಿಟ್ಟೆ. ಕಿಟಕಿಗೆ ಅಷ್ಟು ಯೋಚಿಸಿದ ತಲೆಗೆ ಬಾಗಿಲ ಹಿಡಿ ಹೊಳೆಯಲಿಲ್ಲ ನೋಡಿ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ.

ಮರುದಿನ ಬೆಳಿಗ್ಗೆ ಅಕ್ಕ ಹೊಸ್ತಿಲ ಮುಂದೆ ರಂಗೋಲಿ ಬಿಟ್ಟಳು. ಬಾಗಿಲು ತೆರೆದರೆ ಅದರ ತಳ ರಂಗೋಲಿಯ ಮೇಲೆ ಅರ್ಧ ಚಕ್ರದ ಹಾಗೆ ಒರೆಸಿಕೊಂಡು ಹೋಯಿತು. "ನೋಡು, ನಿನ್ನ ಬಾಗ್ಲು ನಂಗೆ ರಂಗೋಲಿನೂ ಉಳಿಸ್ಲಿಲ್ಲ," ಎಂದು ಫೋನಿನಲ್ಲಿ ಬೈದಳು. ಆಮೇಲೆ ಹೊರಗೆ ನಿಂತು, ಬಾಗಿಲು ಮುಚ್ಚಿಕೊಂಡೇ ರಂಗೋಲಿ ಬಿಟ್ಟು ಕೆಲಸಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡಳು. ಬೀಗ ಹಾಕುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇರಲಿಲ್ಲ.

ಹದಿನೈದು ದಿನ ಕಳೆದಿರಬೇಕು, ಮಧ್ಯಾಹ್ನ ಅಕ್ಕನ ಫೋನು.

"ನಿಮ್ಮ ಭಾವ ಬಂದಿದ್ರು ಕಣೋ."

ಉಳಿ ಕೆಳಗಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡೆ. ಅವಳು ಊಟಕ್ಕೆಂದು ತೋಟದಿಂದ ಬಂದಾಗ ಬಾಗಿಲು ಮುಚ್ಚಿಯೇ ಇತ್ತಂತೆ. ರಂಗೋಲಿ ಮಾತ್ರ ಅರ್ಧ ಚಕ್ರವಾಗಿ ಅಳಿಸಿತ್ತಂತೆ. ಒಳಗೆ ಒಂದು ಚಮಚ ಅಲ್ಲಾಡಿರಲಿಲ್ಲ, ಉಪ್ಪಿನ ಭರಣಿಯ ಮುಚ್ಚಳ ಕೆಳಗಿತ್ತು, ಅಷ್ಟೇ. ಭಾವ ಇದ್ದಾಗ ದಿನಾ ಅವಳಿಗಿಂತ ಮೊದಲೇ ಊಟಕ್ಕೆ ಬಂದು ರಂಗೋಲಿ ತುಳಿದು ಬೈಸಿಕೊಳ್ಳುತ್ತಿದ್ದರು. ಅಕ್ಕನ ದನಿ ಹಗುರಾಗಿತ್ತು. ಅವಳು ಹಾಗೆ ಮಾತಾಡಿದ್ದನ್ನು ಕೇಳಿ ವರ್ಷವಾಗಿತ್ತು.

ಅಂದಿನಿಂದ ಅವಳು ಕೆಲಸಕ್ಕೆ ಹೋಗುವ ಮುಂಚೆ ಹೊಸ್ತಿಲ ಒಳಗೆ ಬಾಳೆ ಎಲೆಯಲ್ಲಿ ಅನ್ನ, ಪಕ್ಕಕ್ಕೆ ಉಪ್ಪು ಇಟ್ಟು ಎಡೆ ಮಾಡತೊಡಗಿದಳು. ಬರುವಷ್ಟರಲ್ಲಿ ಖಾಲಿ.

"ಎಲೆ?" ಎಂದು ಕೇಳಿದೆ.

"ಎಲೆನೂ ಇರಲ್ಲ."

"ಸತ್ತೋರು ಎಲೆ ಸಮೇತ ತಿಂತಾರೇನೆ, ನಿನ್ನ ತಲೆ!"

"ನಿಮ್ಮ ಭಾವಂಗೆ ಹಸಿವು ಜಾಸ್ತಿ," ಎಂದು ಫೋನು ಇಟ್ಟಳು.

ಯಾವನೋ ಕಳ್ಳ ಮುಂಡೇಗಂಡ ಒಂಟಿ ಹೆಂಗಸಿನ ಮನೆಗೆ ನುಗ್ಗಿ ಉಣ್ಣುತ್ತಿದ್ದಾನೆ ಎಂದೇ ನಾನು ತಿಳಿದಿದ್ದು. ಆನೆ ಎಂದರೆ ಗೋಡೆ ಬೀಳಬೇಕು, ಹೆಂಚು ಪುಡಿಯಾಗಬೇಕು. ಇಷ್ಟು ನಾಜೂಕಿನ ಕೆಲಸ ಆನೆಯದು ಎಂದು ಯಾವ ಆಚಾರಿ ಯೋಚಿಸಿಯಾನು? ಅಂಗಳವೆಲ್ಲ ಸಿಮೆಂಟು, ಮಳೆ ಬೇರೆ, ಹೆಜ್ಜೆ ಗುರುತೂ ನಿಲ್ಲುತ್ತಿರಲಿಲ್ಲ.

ಅವನನ್ನು ಹಿಡಿದೇ ಬಿಡುತ್ತೇನೆಂದು ಒಂದು ರಜೆಯ ದಿನ ಹೋದೆ. ಲೈನಿನವರೆಲ್ಲ ಮದುವೆಗೆ ಹೋಗಿದ್ದರು. ಅಕ್ಕ ಎಲೆ ಹಾಕಿ, ಬಡಿಸಿ, ಗೋಡೆಗೆ ಒರಗಿ ಕೂತಳು. ನಾನು ಮರದ ಕೊಡತಿ ಹಿಡಿದು ಬಾಗಿಲ ಪಕ್ಕ ನಿಂತೆ. ನಡುಮಧ್ಯಾಹ್ನ, ಆದರೂ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಒಳಗೆ ದೀಪ ಹಾಕಬೇಕಿತ್ತು. ತೋಟದಲ್ಲಿ ಕೂಗುತ್ತಿದ್ದ ಜೀರುಂಡೆ ತಟ್ಟನೆ ನಿಂತಿತು. ಹಸಿ ಹುಲ್ಲಿನ, ಹಸಿ ಮಣ್ಣಿನ ವಾಸನೆ ಬಂತು. ಹೊರಗೆ ಹಿಡಿಯ ಮೇಲೆ ಏನೋ ಮೆತ್ತಗೆ ಸವರಿದ ಸದ್ದು. ಬಾಗಿಲು ಹೊರಕ್ಕೆ ತೆರೆದುಕೊಂಡಿತು. ಕಿರ್ ಎನ್ನಲಿಲ್ಲ, ಎಣ್ಣೆ ಬಿಟ್ಟವನು ನಾನೇ ತಾನೆ.

ಬಾಗಿಲ ತುಂಬ ಬೂದು ಬಣ್ಣ. ಮಂಜು ಅಂದುಕೊಂಡೆ. ಆಮೇಲೆ ಅದರಲ್ಲಿ ಸುಕ್ಕು ಕಂಡಿತು, ಕೂದಲು ಕಂಡಿತು.

ಚಿಕ್ಕವರಿದ್ದಾಗ ಅಪ್ಪ ಕೋಲು ಹಿಡಿದು ಬಂದರೆ ನಾನೂ ಅಕ್ಕನೂ ಬಾಗಿಲ ಹಿಂದೆ ಅಂಟಿಕೊಂಡು ನಿಲ್ಲುತ್ತಿದ್ದೆವು. ಅದೇ ಅಭ್ಯಾಸಕ್ಕೆ ಕಾಲು ತಾನಾಗಿ ಬಾಗಿಲ ಹಿಂದಕ್ಕೆ ಸರಿಯಿತು. ಅಲ್ಲಿ ಬಾಗಿಲಿರಲಿಲ್ಲ. ಅದು ಹೊರಗಿತ್ತು, ಅವನ ಪಕ್ಕದಲ್ಲಿ. ಊರವರ ಮನೆಗಳಲ್ಲೆಲ್ಲ ಅಡಗಿಕೊಳ್ಳುವ ಜಾಗವನ್ನು ನಾನೇ ತೆಗೆದು ಹಾಕಿದ್ದೆ ಎಂದು ಆಗ ಗೊತ್ತಾಯಿತು.

ಸೊಂಡಿಲು ಎಲೆಯನ್ನು ಮೂಸಿತು, ಬಿಟ್ಟಿತು. ನನ್ನ ಮೊಣಕಾಲು ಮುಟ್ಟಿತು. ಅಂಗಿ ಸವರುತ್ತ ಮೇಲಕ್ಕೆ ಬಂತು. ಕತ್ತಿನ ಮೇಲೆ ಬಿಸಿ ಉಸಿರು, ಒದ್ದೆ. ಕೊಡತಿ ಎತ್ತಲಿಲ್ಲ. ದೇವರಾಣೆ, ನಾನು ಸತ್ತೆ ಎಂದೇ ಅಂದುಕೊಂಡೆ.

ಅಕ್ಕ ಕೂತಲ್ಲಿಂದಲೇ, ಉಣ್ಣಲು ಕೂತವರೊಂದಿಗೆ ಮಾತಾಡುವ ದನಿಯಲ್ಲಿ ಹೇಳಿದಳು: "ಅವ್ನು ನನ್ನ ತಮ್ಮ. ನೀವು ಊಟ ಮಾಡಿ."

ಸೊಂಡಿಲು ಇಳಿಯಿತು. ಅನ್ನದ ಸಮೇತ ಎಲೆಯನ್ನು ಸುತ್ತಿಕೊಂಡು ಹಿಂದಕ್ಕೆ ಹೋಯಿತು. ಬಾಗಿಲು ನಾನು ಕಲಿಸಿಕೊಟ್ಟಂತೆ ತಾನಾಗಿ ಬಂದು ಮುಚ್ಚಿಕೊಂಡಿತು.

ಕೊಡತಿ ಕೆಳಗಿಟ್ಟು ಅಕ್ಕನ ಕಡೆ ತಿರುಗಿದೆ. "ಅದನ್ನ ಭಾವ ಅಂದ್ಕೊಂಡಿದ್ದೇನೆ, ಹುಚ್ಚಿ?"

"ಮೊದಲ್ನೇ ದಿನ ಅಂದ್ಕೊಂಡಿದ್ದೆ. ಎರಡನೇ ದಿನ ಹಿತ್ತಲಲ್ಲಿ ಲದ್ದಿ ನೋಡ್ದೆ."

"ಮತ್ತೆ ಯಾಕೇ? ಒಂದಿನ ತುಳಿದು ಹಾಕ್ಬುಟ್ರೆ?"

"ಊಟದ ಹೊತ್ತಿಗೆ ಒಬ್ರಾದ್ರೂ ಬರ್ತಾರಲ್ಲ ಮಾರಾಯ," ಎಂದಳು. "ತಿಥಿ ಆದ್ಮೇಲೆ ನೀನು ಒಂದಿನ ಬಂದು ಉಂಡಿದ್ಯಾ?"

ಬಂದಿರಲಿಲ್ಲ. ಬಂದಿದ್ದು ಬಾಗಿಲು ತಿರುಗಿಸಲು. ಅವತ್ತೂ ಕೆಲಸದ ಅವಸರದಲ್ಲಿ ಬರೀ ಕಾಫಿ ಕುಡಿದಿದ್ದೆ. ನನಗೆ ನಾಚಿಕೆಯಾಯಿತು. ಅಳು ಬಂತು, ಸಿಟ್ಟೂ ಬಂತು. ಬಾಗಿಲಿನಿಂದ ಹಿಡಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ನೀನು ಬಾರದೆ ನಾನೂ ಹೋಗುವುದಿಲ್ಲ ಎಂದು ಹೊಸ್ತಿಲ ಮೇಲೆ ಕೂತೆ. ಸಂಜೆಯೊಳಗೆ ಅವಳ ಪಾತ್ರೆ ಪಗಡೆಯನ್ನೆಲ್ಲ ಜೀಪಿಗೆ ತುಂಬಿಸಿದೆ.

ಈಗ ಅಕ್ಕ ನಮ್ಮ ಮನೆಯಲ್ಲಿದ್ದಾಳೆ. ನನ್ನ ಹೆಂಡತಿಯೊಂದಿಗೆ ಜಗಳವಾಡುತ್ತಾಳೆ, ನಗುತ್ತಾಳೆ. ಇನ್ನೇನು, ಗೆದ್ದೆ ಅಂದುಕೊಂಡಿದ್ದೆ. ಒಂದು ದಿನ ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕುರ್ಚಿ ರಿಪೇರಿಗೆಂದು ಶೆಡ್ಡಿಗೆ ಬಂದವರು ಮಾತಿಗೆ ಮಾತು ಬಂದು ಹೇಳಿದರು: "ನಿಮ್ಮಕ್ಕ ಹೋದ್ಮೇಲೆ ಆ ಒಂಟಿ ನಾಲ್ಕೈದು ದಿನ ಮಧ್ಯಾಹ್ನ ಬಂತು ಕಣ್ರೀ. ಬಾಗ್ಲು ಮುಂದೆ ನಿಂತು ಹಿಡಿ ಇದ್ದ ಜಾಗ ಸವರ್ತಾ ಇತ್ತು. ಒತ್ತಲಿಲ್ಲ, ಮುರೀಲಿಲ್ಲ. ನಿಂತು ನಿಂತು ಹೋಗ್ಬುಡ್ತು. ಈಗ ಬರಲ್ಲ."

ಊಟಕ್ಕೆ ಕೂತಾಗ, ಅಕ್ಕನಿಗೆ ಸಮಾಧಾನವಾಗಲಿ ಎಂದು ಇದನ್ನು ಹೇಳಿದೆ. ನನ್ನ ಬಾಯಿಗೆ ಮಣ್ಣು ಹಾಕ. ಬಡಿಸುತ್ತಿದ್ದ ಸೌಟು ಅವಳ ಕೈಯಲ್ಲೇ ನಿಂತಿತು.

"ಹಸ್ಕೊಂಡೇ ವಾಪಸ್ ಹೋದ್ರಾ?" ಎಂದು ಕೇಳಿದಳು.

ಭಾವನ ಹೆಣ ಎತ್ತುವಾಗಲೂ ಕಣ್ಣಲ್ಲಿ ನೀರು ಹಾಕದವಳು, ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದಳು. ಹೆಂಡತಿ ಏನಾಯಿತೆಂದು ನನ್ನ ಮುಖ ನೋಡಿದಳು. ನಾನು ಹಿಡಿದ ತುತ್ತನ್ನು ತಟ್ಟೆಗೇ ಇಳಿಸಿದೆ.