ಒಂಟೆಗೆ ನೀರು, ಬಾನಾಡಿಗೆ ಅಂಗೈ

ನಾಲ್ಕು ವರ್ಷಗಳ ಹಿಂದಿನ ಏಪ್ರಿಲ್. ಬಾದಾಮಿ ತಾಲ್ಲೂಕಿನ ಒಂದು ಪಶು ದವಾಖಾನೆಯಲ್ಲಿ ನಾನು ಪಶುವೈದ್ಯ. ಎಮ್ಮೆ, ಎತ್ತು, ಕುರಿಗಳ ನಡುವೆ ಇಪ್ಪತ್ತಾರು ವರ್ಷ ಕಳೆದಿದ್ದೆ. ಒಂಟೆಯನ್ನು ಮುಟ್ಟಿದ್ದು ಮಾತ್ರ ಕಾಲೇಜಿನಲ್ಲಿ ಒಮ್ಮೆ.

ನಮ್ಮೂರ ಯಮನಪ್ಪ ತನಗಿದ್ದ ಎರಡೂ ಎಮ್ಮೆ ಮಾರಿ, ಪ್ರವಾಸಿಗರನ್ನು ಕೂರಿಸಿ ಸುತ್ತಾಡಿಸಲು ಒಂಟೆ ತಂದ. ಅಂದೇ ಫೋನ್ ಮಾಡಿ, ನೀರು ಎಷ್ಟು ಕುಡಿಸಬೇಕೆಂದು ಕೇಳಿದ. ನಾನು ಗಡಿಬಿಡಿಯಲ್ಲಿದ್ದೆ.

"ಒಂಟಿಗಿ ಏನ್ ನೀರಪಾ! ಹದಿನೈದ್ ದಿನ ಹಂಗ ಇರತೈತಿ," ಎಂದು ನಕ್ಕು ಫೋನ್ ಇಟ್ಟೆ.

ಒಂಬತ್ತನೆಯ ದಿನ ಒಂಟೆ ಮಲಗಿತು. ಹೋಗಿ ನೋಡಿದರೆ ಕಣ್ಣು ಗುಳಿಬಿದ್ದಿವೆ, ಚಿವುಟಿದ ಚರ್ಮ ಹಾಗೇ ನಿಲ್ಲುತ್ತದೆ. ಡಿಹೈಡ್ರೇಶನ್, ಅಂದರೆ ಮೈಯ ನೀರು ಬತ್ತಿತ್ತು. ಜೋಳದ ಕಣಿಕೆ, ಅಂದರೆ ಒಣ ದಂಟು ತಿಂದು ಹೊಟ್ಟೆಯೂ ಕಟ್ಟಿತ್ತು.

"ನೀರ ಕುಡಿಸಿಲ್ಲೇನೋ?"

"ನೀವ ಬ್ಯಾಡಂದ್ರಲ್ರಿ ಸಾಹೇಬ್ರ. ಅದು ಬಕೆಟ್ ಕಡೆ ಮಾರಿ ಮಾಡ್ತಿತ್ರಿ, ನಾನ ಹಿಂದಕ್ಕ ಜಗ್ಗೇನಿ."

ಯಾರನ್ನು ಬೈಯಲಿ? ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸಲೈನ್ ಏರಿಸಿದೆ, ಹೊಟ್ಟೆ ಸಡಿಲಾಗಲು ಎಣ್ಣೆ ಕುಡಿಸಿದೆ, ಸ್ವಲ್ಪ ಸ್ವಲ್ಪವೇ ನೀರು ಇಟ್ಟೆವು. ಆಮೇಲೆ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಅಂಗಳ ಸುತ್ತತೊಡಗಿದೆ. ಅದು ಸತ್ತರೆ ಆ ಮನೆಯ ಅನ್ನ ಹೋಗುತ್ತಿತ್ತು, ನನ್ನ ಒಂದು ಮಾತಿಗೆ.

ಅಷ್ಟರಲ್ಲಿ ಯಮನಪ್ಪನ ಹೆಂಡತಿ ರೇಣವ್ವ ಸೆರಗಿನಲ್ಲಿ ಏನನ್ನೋ ಹಿಡಿದು ತಂದಳು.

"ಹಿತ್ತಲದಾಗ ಬಿದ್ದಿತ್ರಿ, ಹಾರವಲ್ದು. ಬಾಯಾಗ ನೀರ ಬಿಟ್ಟೇನಿ, ಇನ್ನಷ್ಟ ಬಿಡ್ಲ್ಯಾ?"

ಬಾನಾಡಿ. ಸ್ವಿಫ್ಟ್ ಎನ್ನುತ್ತಾರಲ್ಲ, ನಮ್ಮ ಗುಡ್ಡದ ಬಂಡೆಗಳಲ್ಲಿ ಗೂಡು ಕಟ್ಟುವ ಹಿಡಿಯಷ್ಟು ಹಕ್ಕಿ.

"ಬ್ಯಾಡ ಯವ್ವಾ!" ಎಂದು ಕೂಗಿದೆ. ನೀರು ಶ್ವಾಸನಾಳಕ್ಕೆ ಇಳಿದರೆ ಮುಗಿಯಿತು. ಹಾರುತ್ತಲೇ ತಿಂದು ಕುಡಿಯುವ ಹಕ್ಕಿ ಅದು. ಕಾಲು ಗಿಡ್ಡ, ರೆಕ್ಕೆ ಉದ್ದ, ನೆಲಕ್ಕೆ ಬಿದ್ದರೆ ಏಳುವುದು ಕಷ್ಟ. ಅಂಗೈ ಮೇಲಿಟ್ಟು ಎತ್ತರಕ್ಕೆ ಹಿಡಿದೆ. ಒಮ್ಮೆ ನಡುಗಿ, ಜಾರಿ, ಹಾರಿಹೋಯಿತು.

ಒಂದು ಮರುಭೂಮಿ ತುಳಿಯುವ ಪ್ರಾಣಿ, ಇನ್ನೊಂದು ನೆಲವನ್ನೇ ಮುಟ್ಟದ್ದು. ಬೇಕಾದ್ದಕ್ಕೆ ನೀರು ತಪ್ಪಿಸಿ, ಬೇಡವಾದ್ದಕ್ಕೆ ಸುರಿದಿದ್ದೆವು. ರೇಣವ್ವ ಕರುಣೆಯಿಂದ ಸುರಿದಳು. ನಾನು ತಪ್ಪಿಸಿದ್ದು ಬರೀ ಉಡಾಫೆಯಿಂದ.

ಮರುದಿನ ಮಧ್ಯಾಹ್ನ ಒಂಟೆ ಹಿಂಗಾಲೂರಿ ಎದ್ದಿತು. ಯಮನಪ್ಪ ಕಣ್ಣೊರೆಸಿಕೊಂಡು ಕೇಳಿದ, "ದಿನಾ ಎಷ್ಟ್ ಕುಡಸ್ಲಿರಿ? ನೀವ್ ಹೇಳಿದಂಗ ಮಾಡ್ತೇನಿ."

ಡಾಕ್ಟರನ ತಮಾಷೆಯನ್ನೂ ಜನ ಔಷಧಿ ಚೀಟಿಯಂತೆ ಪಾಲಿಸುತ್ತಾರೆಂದು ಇಪ್ಪತ್ತಾರು ವರ್ಷಗಳಲ್ಲಿ ನನಗೆ ಹೊಳೆದಿರಲಿಲ್ಲ.

"ಬಕೆಟ್ ಮುಂದ ಇಡು," ಎಂದೆ. "ನನ್ನ ಕೇಳಬ್ಯಾಡ, ಅದನ್ನ ಕೇಳು."